ಪೆನ್ ಡ್ರೈವ್ ಎಳೆದದ್ದು ಈಗ, ಹಳೆಯ ಫೈಲ್‌ಗಳೂ ಹೋಗಿದ್ದೇಕೆ?

ಪ್ರಶ್ನೆ: ನಾನು ತಾಲೂಕು ಕೇಂದ್ರವೊಂದರಲ್ಲಿ ಡಿಟಿಪಿ ಸೆಂಟರ್ ನಡೆಸುತ್ತೇನೆ. ಪ್ರೆಸ್‌ಗೆ ಕೊಡಲು ಲಗ್ನಪತ್ರಿಕೆಯ ಫೈಲ್ ಮತ್ತು ಕೆಲವು ಫೋಟೋಗಳನ್ನು 32 ಜಿಬಿ ಪೆನ್ ಡ್ರೈವ್‌ಗೆ ಕಾಪಿ ಮಾಡಿದೆ. ಕಾಪಿ ಆಗುವ ಹಸಿರು ಪಟ್ಟಿ ಪೂರ್ತಿ ತುಂಬಿ ಮಾಯವಾಯಿತು. ತಕ್ಷಣ ಡ್ರೈವ್ ಎಳೆದುಕೊಂಡೆ. ಪ್ರೆಸ್‌ನ ಕಂಪ್ಯೂಟರ್‌ಗೆ ಹಾಕಿದರೆ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳುತ್ತಿದೆ. ನನ್ನ ಕಂಪ್ಯೂಟರ್‌ನಲ್ಲೂ ಅದೇ ಮಾತು. ಹೊಸದಾಗಿ ಹಾಕಿದ ಫೈಲ್ ಹೋದರೆ ಅರ್ಥವಾಗುತ್ತದೆ. ಆದರೆ ಅದರಲ್ಲಿ ಹಲವು ವರ್ಷಗಳ ಹಳೆಯ ಫೈಲ್‌ಗಳಿದ್ದವು, ಅವುಗಳನ್ನು ನಾನು ಮುಟ್ಟಿಯೇ ಇರಲಿಲ್ಲ. ಅವು ಯಾಕೆ ಹೋದವು? ಡಿಸ್ಕ್‌ನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಲಾ? ಮುಂದೆ ಎನ್‌ಟಿಎಫ್‌ಎಸ್ ಎಂಬ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿಕೊಂಡರೆ ಹೀಗಾಗುವುದಿಲ್ಲವೇ?

ಉತ್ತರ: ಮೊದಲು ಆ ಡ್ರೈವ್ ತೆಗೆದು ಪಕ್ಕಕ್ಕಿಡಿ. ಫಾರ್ಮ್ಯಾಟ್ ಒತ್ತಬೇಡಿ. ಚೆಕ್‌ಡಿಸ್ಕ್ ಓಡಿಸಬೇಡಿ. ‘ಸುಮ್ನೆ ಒಮ್ಮೆ ನೋಡೋಣ’ ಎಂದು ಬೇರೆ ಬೇರೆ ಕಂಪ್ಯೂಟರ್‌ಗೆ ಹಾಕುವುದೂ ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ಹಳೆಯ ಫೈಲ್‌ಗಳ ಬಹುಪಾಲು ಇನ್ನೂ ಅದರೊಳಗೇ ಇರುವ ಸಾಧ್ಯತೆ ಚೆನ್ನಾಗಿದೆ. ಅವುಗಳನ್ನು ನಿಜವಾಗಿ ಕಳೆಯುವುದು ಸಾಮಾನ್ಯವಾಗಿ ಡ್ರೈವ್ ಎಳೆದ ಕ್ಷಣವಲ್ಲ. ಆಮೇಲೆ ಗಾಬರಿಯಲ್ಲಿ ಮಾಡುವ ‘ರಿಪೇರಿ’.

ಹಳೆಯವು ಯಾಕೆ ಹೋದವು ಎನ್ನುವ ನಿಮ್ಮ ಪ್ರಶ್ನೆ ಬಹಳ ಸರಿಯಾದದ್ದು. ಅದಕ್ಕೆ ಉತ್ತರ ಎರಡು ಪದರಗಳಲ್ಲಿದೆ. ಮೇಲಿನದು ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಎಂದು ಲೆಕ್ಕ ಇಡುವ ವ್ಯವಸ್ಥೆ. ಕೆಳಗಿನದು ಡ್ರೈವ್‌ನೊಳಗಿನ ಚಿಪ್. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಹೇಳಿ ನಿಲ್ಲಿಸುತ್ತಾರೆ.

32 ಜಿಬಿ ಪೆನ್ ಡ್ರೈವ್ ಅಂಗಡಿಯಿಂದ ಬರುವಾಗ ಸಾಮಾನ್ಯವಾಗಿ ಫ್ಯಾಟ್32 ವ್ಯವಸ್ಥೆಯಲ್ಲಿ ಇರುತ್ತದೆ. ಫ್ಯಾಟ್‌ನ ಮೂಲ ಕಲ್ಪನೆ 1977ರದ್ದು, ಫ್ಲಾಪಿಗಳ ಕಾಲದ್ದು. ಫ್ಯಾಟ್32 ಬಂದದ್ದು 1996ರಲ್ಲಿ, ವಿಂಡೋಸ್ 95ರ ಎರಡನೇ ಬಿಡುಗಡೆಯ ಜೊತೆಗೆ. ಅದರ ರಚನೆ ತುಂಬಾ ಸರಳ. ಡ್ರೈವ್‌ನ ಆರಂಭದಲ್ಲಿ ಬೂಟ್ ಸೆಕ್ಟರ್ ಇರುತ್ತದೆ. ಕ್ಲಸ್ಟರ್ ಎಷ್ಟು ದೊಡ್ಡದು, ಫ್ಯಾಟ್ ಎಲ್ಲಿ ಶುರುವಾಗುತ್ತದೆ ಎಂಬ ವಿವರ ಅದರಲ್ಲಿರುತ್ತದೆ. ಆಮೇಲೆ ಫ್ಯಾಟ್ ಎಂಬ ಕೋಷ್ಟಕ, ಅದರ ಪಕ್ಕದಲ್ಲೇ ಅದರ ಇನ್ನೊಂದು ಪ್ರತಿ. ಉಳಿದ ಜಾಗದಲ್ಲಿ ಫೋಲ್ಡರ್‌ಗಳು ಮತ್ತು ಫೈಲ್‌ಗಳ ಒಳಗಿನ ಮಾಹಿತಿ.

ಫೈಲ್ ಒಂದನ್ನು ಕ್ಲಸ್ಟರ್ ಎಂಬ ತುಂಡುಗಳಲ್ಲಿ ಇಡಲಾಗುತ್ತದೆ. ನಿಮ್ಮ 32 ಜಿಬಿ ಡ್ರೈವ್‌ನಲ್ಲಿ ಒಂದು ಕ್ಲಸ್ಟರ್ 16 ಕೆಬಿ ಎಂದುಕೊಳ್ಳಿ. ಆಗ ಒಟ್ಟು ಸುಮಾರು 19.5 ಲಕ್ಷ ಕ್ಲಸ್ಟರ್‌ಗಳಾಗುತ್ತವೆ. ಪ್ರತಿಯೊಂದಕ್ಕೂ ಫ್ಯಾಟ್‌ನಲ್ಲಿ 4 ಬೈಟ್ ಜಾಗ. ‘ಈ ತುಂಡಿನ ನಂತರದ ತುಂಡು ಯಾವುದು’ ಎಂದಷ್ಟೇ ಆ 4 ಬೈಟ್ ಹೇಳುತ್ತದೆ. ಅಂದರೆ 32 ಜಿಬಿಯ ಪೂರ್ತಿ ಲೆಕ್ಕ ಸುಮಾರು 8 ಎಂಬಿಯ ಕೋಷ್ಟಕದಲ್ಲಿದೆ. ಅದರ ಒಂದು ಸೆಕ್ಟರ್, ಅಂದರೆ 512 ಬೈಟ್, ಹಾಳಾದರೆ 128 ಕ್ಲಸ್ಟರ್‌ಗಳ ಲೆಕ್ಕ ತಪ್ಪುತ್ತದೆ. ಅದು 2 ಎಂಬಿ ಮಾಹಿತಿ. ಬೂಟ್ ಸೆಕ್ಟರ್ ಒಂದು ಹಾಳಾದರೆ ಸಾಕು, ವಿಂಡೋಸ್‌ಗೆ ಇಡೀ ಡ್ರೈವ್ ಅಪರಿಚಿತವಾಗುತ್ತದೆ. ಆಗಲೇ ‘ಫಾರ್ಮ್ಯಾಟ್ ಮಾಡಬೇಕು’ ಎಂಬ ಮಾತು ಬರುವುದು.

ಪಹಣಿ ಕಳೆದುಹೋದರೆ ಜಮೀನು ಎಲ್ಲೂ ಹೋಗುವುದಿಲ್ಲ, ಬೆಳೆಯೂ ನಿಂತಲ್ಲೇ ನಿಂತಿರುತ್ತದೆ. ಕಚೇರಿಯಲ್ಲಿ ಮಾತ್ರ ಅದು ಯಾರದ್ದೂ ಅಲ್ಲ ಎಂದಾಗುತ್ತದೆ. ನಿಮ್ಮ ಡ್ರೈವ್ ಈಗ ಬಹುಶಃ ಆ ಸ್ಥಿತಿಯಲ್ಲಿದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಖಾಲಿ ದಾಖಲೆ ಪುಸ್ತಕವೊಂದು ಸಿದ್ಧವಾಗುತ್ತದೆ, ಒಳಗಿನ ಮಾಹಿತಿ ಆಗಲೂ ಹೆಚ್ಚಿನಂಶ ಉಳಿದಿರುತ್ತದೆ. ಆದರೆ ‘ಕ್ವಿಕ್’ ಎಂಬ ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿದರೆ ಕಥೆ ಬೇರೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಎಂದರೆ ಇಡೀ ಡ್ರೈವ್ ಮೇಲೆ ಸೊನ್ನೆ ಬರೆಯುವುದು. ಅದರ ನಂತರ ಯಾವ ಸಾಫ್ಟ್‌ವೇರೂ ಏನನ್ನೂ ತರಲಾರದು.

ಈಗ ಕಾಪಿ ಮಾಡುವಾಗ ನಡೆಯುವುದನ್ನು ನೋಡೋಣ. ಫ್ಯಾಟ್‌ನಲ್ಲಿ ಒಂದು ಹೊಸ ಫೈಲ್ ಸೇರಿಸಬೇಕಾದರೆ ಕನಿಷ್ಠ ನಾಲ್ಕು ಜಾಗದಲ್ಲಿ ಬರೆಯಬೇಕು. ಫೋಲ್ಡರ್‌ನಲ್ಲಿ ಹೆಸರು ಮತ್ತು ಗಾತ್ರ, ಮೊದಲ ಫ್ಯಾಟ್‌ನಲ್ಲಿ ಕ್ಲಸ್ಟರ್‌ಗಳ ಸರಪಳಿ, ಎರಡನೇ ಫ್ಯಾಟ್‌ನಲ್ಲಿ ಅದೇ ಸರಪಳಿ, ಜೊತೆಗೆ ಫೈಲ್‌ನ ಒಳಗಿನ ಮಾಹಿತಿ. ಈ ನಾಲ್ಕೂ ಒಟ್ಟಿಗೆ ಆಗಬೇಕು, ಇಲ್ಲದಿದ್ದರೆ ಒಂದೂ ಆಗಬಾರದು ಎಂಬ ವ್ಯವಸ್ಥೆ ಫ್ಯಾಟ್‌ನಲ್ಲಿ ಇಲ್ಲ. ನಡುವೆ ಕರೆಂಟ್ ಹೋದರೆ ಅರ್ಧ ಕೆಲಸ ಅರ್ಧದಲ್ಲೇ ನಿಲ್ಲುತ್ತದೆ. ಫೈಲ್ ಹೆಸರಿದೆ, ಗಾತ್ರ ಸೊನ್ನೆ ಎಂದಾಗಬಹುದು. ಸರಪಳಿ ಇದೆ, ಅದಕ್ಕೆ ಹೆಸರಿಲ್ಲ ಎಂದಾಗಬಹುದು. ಎರಡು ಫೈಲ್‌ಗಳು ಒಂದೇ ಕ್ಲಸ್ಟರ್ ತಮ್ಮದೆಂದು ಹೇಳಬಹುದು. ಫ್ಯಾಟ್32ರಲ್ಲಿ ಒಂದು ಗುರುತು ಮಾತ್ರ ಇದೆ. ಬಳಸಲು ಶುರು ಮಾಡಿದಾಗ ಅದನ್ನು ‘ಡರ್ಟಿ’ ಎಂದು ಮಾಡಿ, ಸರಿಯಾಗಿ ಇಜೆಕ್ಟ್ ಮಾಡಿದಾಗ ತೆಗೆಯುತ್ತಾರೆ. ಮುಂದಿನ ಸಲ ಹಾಕಿದಾಗ ಆ ಗುರುತು ಉಳಿದಿದ್ದರೆ ‘ಡ್ರೈವ್‌ನಲ್ಲಿ ಸಮಸ್ಯೆ ಇದೆ, ಸ್ಕ್ಯಾನ್ ಮಾಡಲೇ’ ಎಂದು ವಿಂಡೋಸ್ ಕೇಳುತ್ತದೆ. ಏನು ಹಾಳಾಗಿದೆ ಎಂದು ಆ ಗುರುತಿಗೆ ಗೊತ್ತಿಲ್ಲ.

ಹಸಿರು ಪಟ್ಟಿ ಪೂರ್ತಿಯಾದ ಮೇಲೂ ಹೀಗೆ ಆಗುತ್ತದೆಯೇ? ಆಗುತ್ತದೆ. ಆಪರೇಟಿಂಗ್ ಸಿಸ್ಟಮ್ ಮಾಹಿತಿಯನ್ನು ಮೊದಲು ಕಂಪ್ಯೂಟರ್‌ನ ರ‍್ಯಾಮ್‌ಗೆ ತೆಗೆದುಕೊಂಡು, ಆಮೇಲೆ ಬಿಡುವಾದಾಗ ಡ್ರೈವ್‌ಗೆ ಇಳಿಸಬಹುದು. ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿನ ಸಾಮಾನ್ಯ ಸೆಟ್ಟಿಂಗ್ ಪ್ರಕಾರ ಬರೆಯಬೇಕಾದ ಮಾಹಿತಿ 30 ಸೆಕೆಂಡ್‌ವರೆಗೆ ರ‍್ಯಾಮ್‌ನಲ್ಲಿ ಕೂತಿರಬಹುದು. ನಿಧಾನದ ಡ್ರೈವ್ ಆದರೆ ಪೂರ್ತಿ ಇಳಿಯಲು ಇನ್ನೂ ಜಾಸ್ತಿ ಹೊತ್ತು. ವಿಂಡೋಸ್‌ನಲ್ಲಿ ಇದಕ್ಕೆ ಎರಡು ನೀತಿಗಳಿವೆ. ‘ಬೆಟರ್ ಪರ್ಫಾರ್ಮೆನ್ಸ್’ ಎಂದರೆ ರ‍್ಯಾಮ್‌ನಲ್ಲಿ ಇಟ್ಟುಕೊಂಡು ಬರೆಯುವುದು. ‘ಕ್ವಿಕ್ ರಿಮೂವಲ್’ ಎಂದರೆ ಹಾಗೆ ಇಟ್ಟುಕೊಳ್ಳದೆ ಬರೆಯುವುದು. 2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ, ಹೊರಗಿನ ಡ್ರೈವ್‌ಗಳಿಗೆ ಕ್ವಿಕ್ ರಿಮೂವಲ್ ತಾನಾಗಿಯೇ ಇರುತ್ತದೆ. ‘ಇನ್ನು ಇಜೆಕ್ಟ್ ಮಾಡಬೇಕಾಗಿಲ್ಲ’ ಎಂಬ ಮಾತು ಹಬ್ಬಿದ್ದು ಆಗಲೇ. ಆ ಮಾತನ್ನು ದಯವಿಟ್ಟು ನಂಬಬೇಡಿ. ಕಂಪ್ಯೂಟರ್ ತನ್ನ ಕೈಯಲ್ಲಿದ್ದದ್ದನ್ನು ಕೊಟ್ಟುಬಿಟ್ಟಿದೆ ಎಂದು ಆ ನೀತಿ ಹೇಳುತ್ತದೆ, ಅಷ್ಟೇ. ಡ್ರೈವ್ ಅದನ್ನು ಒಳಗೆ ನೆಟ್ಟಗೆ ಇಟ್ಟುಕೊಂಡಿದೆ ಎಂದು ಹೇಳುವುದಿಲ್ಲ.

ಇಲ್ಲಿಂದ ಕೆಳಗಿನ ಪದರ ಶುರು. ನಿಮ್ಮ ಹಳೆಯ ಫೈಲ್‌ಗಳ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ.

ಪೆನ್ ಡ್ರೈವ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿ ಎಲ್ಲದರಲ್ಲೂ ಇರುವುದು ಫ್ಲ್ಯಾಶ್ ಚಿಪ್. ಇದಕ್ಕೊಂದು ವಿಚಿತ್ರ ಸ್ವಭಾವವಿದೆ. ಬರೆಯುವುದು ಪೇಜ್ ಎಂಬ ಸಣ್ಣ ಅಳತೆಯಲ್ಲಿ, ಸಾಮಾನ್ಯವಾಗಿ 4ರಿಂದ 16 ಕೆಬಿ. ಅಳಿಸುವುದು ಮಾತ್ರ ಬ್ಲಾಕ್ ಎಂಬ ದೊಡ್ಡ ಅಳತೆಯಲ್ಲಿ. ನೂರಾರು ಕೆಬಿಯಿಂದ ಹಲವು ಎಂಬಿವರೆಗೆ ಅದು ಇರಬಹುದು. ಒಮ್ಮೆ ಬರೆದ ಪೇಜ್ ಮೇಲೆ ಮತ್ತೆ ಬರೆಯಲು ಆಗುವುದಿಲ್ಲ. ಇಡೀ ಬ್ಲಾಕ್ ಅಳಿಸಿದ ಮೇಲಷ್ಟೇ ಆಗುತ್ತದೆ. ಹಾಗಾಗಿ ಫೈಲ್ ಸಿಸ್ಟಮ್ ‘ಈ ಸೆಕ್ಟರ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡು’ ಎಂದಾಗ, ಒಳಗಿನ ಕಂಟ್ರೋಲರ್ ಚಿಪ್ ಹೊಸ ಜಾಗದಲ್ಲಿ ಬರೆದು, ‘ಆ ಸೆಕ್ಟರ್ ಈಗ ಇಲ್ಲಿದೆ’ ಎಂದು ತನ್ನದೇ ಒಂದು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳುತ್ತದೆ. ಈ ನಕ್ಷೆ ಫೈಲ್ ಸಿಸ್ಟಮ್‌ಗೆ ಕಾಣುವುದೇ ಇಲ್ಲ. ವಿಂಡೋಸ್‌ಗೂ ಕಾಣುವುದಿಲ್ಲ.

ಅಗ್ಗದ ಪೆನ್ ಡ್ರೈವ್‌ಗಳ ಕಂಟ್ರೋಲರ್‌ನಲ್ಲಿ ಮೆಮೊರಿ ತುಂಬಾ ಕಡಿಮೆ. ಪೇಜ್ ಪೇಜಿಗೂ ನಕ್ಷೆ ಇಟ್ಟುಕೊಳ್ಳಲು ಅವುಗಳಿಗೆ ಆಗುವುದಿಲ್ಲ. ಬ್ಲಾಕ್‌ಗಳ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತವೆ. ಆಗ ನೀವು 4 ಕೆಬಿ ಬದಲಿಸಿದರೂ, ಆ ಬ್ಲಾಕ್‌ನಲ್ಲಿರುವ ಉಳಿದೆಲ್ಲವನ್ನೂ ಹೊಸ ಬ್ಲಾಕ್‌ಗೆ ಸಾಗಿಸಬೇಕು. ಈ ಸಾಗಾಟದಲ್ಲಿ ನೀವು ಮುಟ್ಟದ ಹಳೆಯ ಮಾಹಿತಿಯೂ ಓಡಾಡುತ್ತಿರುತ್ತದೆ. ನಿಮ್ಮ ಲಗ್ನಪತ್ರಿಕೆಯ ಫೈಲ್ ಇಳಿದು ಮುಗಿದ ಮೇಲೂ ಈ ಕೆಲಸ ಸ್ವಲ್ಪ ಹೊತ್ತು ನಡೆಯಬಹುದು. ಅಷ್ಟರಲ್ಲಿ ಡ್ರೈವ್ ಎಳೆದರೆ ಕರೆಂಟ್ ಹೋದಂತೆ. ಸರ್ವರ್‌ಗಳಲ್ಲಿ ಬಳಸುವ ಒಳ್ಳೆಯ ಎಸ್‌ಎಸ್‌ಡಿಗಳಲ್ಲಿ ಕೆಪ್ಯಾಸಿಟರ್‌ಗಳಿರುತ್ತವೆ. ಕರೆಂಟ್ ಹೋದಾಗ ಕೈಯಲ್ಲಿರುವ ಕೆಲಸ ಮುಗಿಸುವಷ್ಟು ಶಕ್ತಿ ಅವು ಕೊಡುತ್ತವೆ. ಪೆನ್ ಡ್ರೈವ್‌ನಲ್ಲಿ ಅಂಥದ್ದೇನೂ ಇಲ್ಲ.

ಫ್ಯಾಟ್ ಕೋಷ್ಟಕ ಪ್ರತಿ ಫೈಲ್‌ಗೂ ಬದಲಾಗುತ್ತದೆ. ಬೂಟ್ ಸೆಕ್ಟರ್ ಬದಲಾಗುವುದೇ ಅಪರೂಪ. ಆದರೆ ಎರಡೂ ಡ್ರೈವ್‌ನ ಆರಂಭದಲ್ಲಿ, ಹತ್ತಿರ ಹತ್ತಿರ ಇವೆ. ಫ್ಲ್ಯಾಶ್‌ನ ಒಂದೇ ಬ್ಲಾಕ್‌ನಲ್ಲಿ ಬೀಳುವ ಸಾಧ್ಯತೆ ಜಾಸ್ತಿ. ಯಾರೂ ಮುಟ್ಟದ ಬೂಟ್ ಸೆಕ್ಟರ್, ಪಕ್ಕದ ಫ್ಯಾಟ್‌ನ ಜೊತೆ ಸಾಗುತ್ತಾ ಹಾಳಾಗುವುದು ಹೀಗೆ. ಎರಡು ಪ್ರತಿ ಇಟ್ಟರೂ ಪಕ್ಕಪಕ್ಕದಲ್ಲೇ ಇಟ್ಟರೆ ಪ್ರಯೋಜನ ಕಡಿಮೆ ಎನ್ನುವುದು ಇದರಿಂದ ಗೊತ್ತಾಗುತ್ತದೆ ಅಲ್ವಾ? ಫ್ಲಾಪಿ ಕಾಲದಲ್ಲಿ ಆ ವಿನ್ಯಾಸಕ್ಕೆ ಅರ್ಥವಿತ್ತು. ಒಂದು ಸೆಕ್ಟರ್ ಸವೆದು ಹೋದರೆ ಇನ್ನೊಂದು ಉಳಿಯುತ್ತಿತ್ತು. ಫ್ಲ್ಯಾಶ್ ಹಾಳಾಗುವ ರೀತಿ ಬೇರೆ.

ಇನ್ನೊಂದು ವಿಷಯವಿದೆ. ಒಂದೇ ಕೋಶದಲ್ಲಿ ಎರಡು, ಮೂರು ಬಿಟ್ ತುಂಬುವ ಫ್ಲ್ಯಾಶ್‌ನಲ್ಲಿ, ಆ ಬಿಟ್‌ಗಳು ಬೇರೆ ಬೇರೆ ಪೇಜ್‌ಗಳಿಗೆ ಸೇರಿರುತ್ತವೆ. ಒಂದು ಪೇಜ್ ಮೊದಲೇ ಬರೆದು ಮುಗಿದಿರುತ್ತದೆ. ಅದರ ಜೋಡಿ ಪೇಜ್ ಬರೆಯುವಾಗ ಕರೆಂಟ್ ಹೋದರೆ, ಮೊದಲು ಬರೆದದ್ದೂ ಹಾಳಾಗಬಹುದು. ಸರಿಯಾಗಿ ಬರೆದು ಮುಗಿದದ್ದು ಆಮೇಲೆ ಹಾಳಾಗುವುದೆಂದರೆ ಯಾವ ಫೈಲ್ ಸಿಸ್ಟಮ್‌ನ ಲೆಕ್ಕಾಚಾರಕ್ಕೂ ನಿಲುಕದ ಸಂಗತಿ. ಒಳ್ಳೆಯ ಫರ್ಮ್‌ವೇರ್, ಅಂದರೆ ಕಂಟ್ರೋಲರ್ ಚಿಪ್‌ನೊಳಗಿನ ಸಾಫ್ಟ್‌ವೇರ್, ಇದನ್ನು ಊಹಿಸಿ ಎಚ್ಚರ ವಹಿಸುತ್ತದೆ. ಎಲ್ಲ ಡ್ರೈವ್‌ಗಳಲ್ಲೂ ಅಂಥ ಫರ್ಮ್‌ವೇರ್ ಇರುವುದಿಲ್ಲ.

ಎನ್‌ಟಿಎಫ್‌ಎಸ್ ಬಗ್ಗೆ ನೀವು ಕೇಳಿದ್ದಕ್ಕೆ ಬರುತ್ತೇನೆ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್‌ನಲ್ಲಿ ಜರ್ನಲ್ ಇದೆ. ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ಲಾಗ್‌ನಲ್ಲಿ ಬರೆದು, ಆಮೇಲೆ ನಿಜವಾದ ಜಾಗದಲ್ಲಿ ಮಾಡುತ್ತದೆ. ನಡುವೆ ನಿಂತರೆ, ಮುಂದಿನ ಸಲ ಲಾಗ್ ಓದಿ ಅರ್ಧ ಆದದ್ದನ್ನು ಪೂರ್ತಿ ಮಾಡುತ್ತದೆ, ಇಲ್ಲವೇ ಹಿಂದಕ್ಕೆ ತೆಗೆಯುತ್ತದೆ. ಫ್ಯಾಟ್‌ಗಿಂತ ಇದು ನಿಜವಾಗಿಯೂ ದೊಡ್ಡ ಹೆಜ್ಜೆ. ಆದರೆ ಆ ಲಾಗ್‌ನಲ್ಲಿ ಇರುವುದು ಏನು ಎಂದು ಗಮನಿಸಿ. ಫೈಲ್ ಹೆಸರು, ಗಾತ್ರ, ಯಾವ ಕ್ಲಸ್ಟರ್ ಯಾರದ್ದು ಎಂಬ ಲೆಕ್ಕ ಮಾತ್ರ. ನಿಮ್ಮ ಲಗ್ನಪತ್ರಿಕೆಯ ಅಕ್ಷರಗಳು ಅದರಲ್ಲಿಲ್ಲ. ಎನ್‌ಟಿಎಫ್‌ಎಸ್ ಡ್ರೈವ್ ಎಳೆದ ಮೇಲೆ ಹೆಸರು ಸರಿಯಿದ್ದು, ಗಾತ್ರ ಸರಿಯಿದ್ದು, ತೆರೆದರೆ ಒಳಗೆ ಬರೀ ಸೊನ್ನೆಗಳಿರುವ ಫೈಲ್ ಸಿಗುವುದು ಇದೇ ಕಾರಣಕ್ಕೆ. ಎನ್‌ಟಿಎಫ್‌ಎಸ್ ದೃಷ್ಟಿಯಲ್ಲಿ ಅಲ್ಲಿ ಯಾವ ತಪ್ಪೂ ಆಗಿಲ್ಲ.

ಲಿನಕ್ಸ್ ಲೋಕದಲ್ಲೂ ಇದೇ ಪಾಠ ಕಲಿಯಬೇಕಾಯಿತು. ಜರ್ನಲ್ ಇರುವ ಎಕ್ಸ್ಟ್4 ಫೈಲ್ ಸಿಸ್ಟಮ್ 2008ರ ಕೊನೆಗೆ ಬಳಕೆಗೆ ಸಿದ್ಧವಾಯಿತು. 2009ರಲ್ಲಿ, ಕಂಪ್ಯೂಟರ್ ದಿಢೀರನೆ ನಿಂತಾಗ ಹೊಸದಾಗಿ ಬರೆದ ಫೈಲ್‌ಗಳು ಸೊನ್ನೆ ಬೈಟ್ ಆಗುತ್ತಿವೆ ಎಂದು ಜನ ದೂರಿದರು. ಫೈಲ್ ಸಿಸ್ಟಮ್ ತನ್ನ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಕೊನೆಗೆ ಜನರ ನಿರೀಕ್ಷೆಗೆ ತಕ್ಕಂತೆ ಅದರ ನಡವಳಿಕೆಯನ್ನು ತಿದ್ದಿದರು. ಫೈಲ್ ಸಿಸ್ಟಮ್ ಮೊದಲು ಕಾಪಾಡುವುದು ತನ್ನ ಲೆಕ್ಕವನ್ನು. ಆ ಲೆಕ್ಕ ಸರಿಯಿದ್ದರೆ ನಿಮ್ಮ ಮಾಹಿತಿಯೂ ಉಳಿದಿರಬಹುದು. ಉಳಿದೇ ಇರುತ್ತದೆ ಎಂಬ ಮಾತು ಅದು ಎಂದೂ ಕೊಟ್ಟಿಲ್ಲ. ಡ್ರೈವ್ ಕೊಳ್ಳುವವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ ಎನ್ನುವುದು ನನಗೆ ಬೇಸರದ ವಿಷಯ.

ಜರ್ನಲ್ ಕೆಲಸ ಮಾಡಲು ಇನ್ನೊಂದು ಷರತ್ತಿದೆ. ‘ಲಾಗ್ ಮೊದಲು, ನಿಜವಾದ ಜಾಗ ಆಮೇಲೆ’ ಎಂಬ ಕ್ರಮ ಚಿಪ್‌ನೊಳಗೂ ಹಾಗೆಯೇ ನಡೆಯಬೇಕು. ಅದಕ್ಕಾಗಿ ಆಪರೇಟಿಂಗ್ ಸಿಸ್ಟಮ್ ‘ಈವರೆಗಿನದ್ದೆಲ್ಲ ಇಳಿಸಿಬಿಡು’ ಎಂಬ ಆಜ್ಞೆ ಕಳಿಸುತ್ತದೆ. ಡ್ರೈವ್ ಅದನ್ನು ಪಾಲಿಸದೆ ‘ಆಯಿತು’ ಎಂದರೆ ಜರ್ನಲ್‌ಗೆ ಅರ್ಥವೇ ಇಲ್ಲ. ಮೇಲೆ ಹೇಳಿದ ನಕ್ಷೆಯೇ ಹಾಳಾದರಂತೂ ಎನ್‌ಟಿಎಫ್‌ಎಸ್ ಆದರೂ ಒಂದೇ, ಫ್ಯಾಟ್ ಆದರೂ ಒಂದೇ.

ಎಕ್ಸ್‌ಫ್ಯಾಟ್ ಬಗ್ಗೆಯೂ ಹೇಳಬೇಕು. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಮೆಮೊರಿ ಕಾರ್ಡ್‌ಗಳು ಬರುವುದೇ ಇದರಲ್ಲಿ. 2006ರಲ್ಲಿ ಮೈಕ್ರೋಸಾಫ್ಟ್ ತಂದ ಇದರಲ್ಲಿ ಫ್ಯಾಟ್32ರ 4 ಜಿಬಿ ಫೈಲ್ ಮಿತಿ ಇಲ್ಲ. ಆದರೆ ಜರ್ನಲ್ ಇಲ್ಲ, ಜೊತೆಗೆ ಸಾಮಾನ್ಯವಾಗಿ ಫ್ಯಾಟ್‌ನ ಒಂದೇ ಪ್ರತಿ ಇರುತ್ತದೆ. ಇದನ್ನು ಕೇಳಿ ಎಕ್ಸ್‌ಫ್ಯಾಟ್ ಹೆಚ್ಚು ಅಪಾಯ ಎನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ತುಂಡಾಗದೆ ಒಂದೇ ಸಾಲಿನಲ್ಲಿರುವ ಫೈಲ್‌ಗೆ ಎಕ್ಸ್‌ಫ್ಯಾಟ್ ಸರಪಳಿಯನ್ನೇ ಬರೆಯದೆ ಬಿಡಬಹುದು. ಶುರು ಎಲ್ಲಿ, ಉದ್ದ ಎಷ್ಟು ಎಂದು ಫೋಲ್ಡರ್‌ನಲ್ಲಿ ಇದ್ದರೆ ಸಾಕು. ಫೋಲ್ಡರ್ ನಮೂದುಗಳಿಗೆ ಚೆಕ್‌ಸಮ್ ಕೂಡ ಇದೆ, ಅಂದರೆ ಮಾಹಿತಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ. ಹಾಗಾಗಿ ಒಳ್ಳೆಯ ಸಾಫ್ಟ್‌ವೇರ್ ಇದ್ದರೆ ಹಾಳಾದ ಎಕ್ಸ್‌ಫ್ಯಾಟ್ ಕಾರ್ಡ್‌ನಿಂದ ಫೈಲ್ ಹೊರತೆಗೆಯುವುದು ಎಷ್ಟೋ ಸಲ ಸುಲಭ.

ನನ್ನ ಸಲಹೆ ಇಷ್ಟು. ವಿಂಡೋಸ್‌ಗೆ ಮಾತ್ರ ಜೋಡಿಸುವ ಹೊರಗಿನ ಹಾರ್ಡ್ ಡಿಸ್ಕ್‌ಗೆ ಎನ್‌ಟಿಎಫ್‌ಎಸ್ ಇರಲಿ. ಪ್ರೆಸ್‌ಗೆ, ಟಿವಿಗೆ, ಫೋನ್‌ಗೆ ಓಡಾಡುವ ಪೆನ್ ಡ್ರೈವ್‌ಗೆ ಎಕ್ಸ್‌ಫ್ಯಾಟ್ ಸಾಕು. ಕ್ಯಾಮೆರಾ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಈ ಮೂರರಲ್ಲಿ ಯಾವುದೂ ಫೈಲ್‌ನ ಒಳಗಿನ ಮಾಹಿತಿಗೆ ಚೆಕ್‌ಸಮ್ ಇಡುವುದಿಲ್ಲ. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗಳು ಇಡುತ್ತವೆ. ಹಾಳಾದ ಮಾಹಿತಿಯನ್ನು ಸರಿಯೆಂದು ಕೊಡದೆ ದೋಷವನ್ನು ಬಾಯಿಬಿಟ್ಟು ಹೇಳುತ್ತವೆ. ಆದರೆ ವಿಂಡೋಸ್ ತಾನಾಗಿ ಅವುಗಳನ್ನು ಓದುವುದಿಲ್ಲ, ಪ್ರೆಸ್‌ಗೆ ಒಯ್ಯುವ ಡ್ರೈವ್‌ಗೆ ಅವು ಒಗ್ಗುವುದಿಲ್ಲ.

ಚೆಕ್‌ಡಿಸ್ಕ್ ಬೇಡ ಎಂದಿದ್ದಕ್ಕೆ ಕಾರಣ ಹೇಳಬೇಕು. ಅದು ಕೆಟ್ಟ ಸಾಧನವಲ್ಲ. ಆದರೆ ಅದರ ಗುರಿ ಲೆಕ್ಕವನ್ನು ಸರಿದೂಗಿಸುವುದು, ನಿಮ್ಮ ಫೈಲ್ ಉಳಿಸುವುದಲ್ಲ. ಸರಪಳಿ ತುಂಡಾದ ಫೈಲ್ ಸಿಕ್ಕರೆ ಸರಿಯಿರುವ ಭಾಗಕ್ಕೇ ಅದನ್ನು ಕತ್ತರಿಸುತ್ತದೆ. ಹೆಸರಿಲ್ಲದ ಸರಪಳಿಗಳನ್ನು ಫೌಂಡ್ ಎಂಬ ಫೋಲ್ಡರ್‌ನಲ್ಲಿ ಫೈಲ್0000, ಫೈಲ್0001 ಎಂದು ಸಿಎಚ್‌ಕೆ ಹೆಸರಲ್ಲಿ ಹಾಕುತ್ತದೆ, ಇಲ್ಲವೇ ಖಾಲಿ ಜಾಗವೆಂದು ಬಿಟ್ಟುಬಿಡುತ್ತದೆ. ಮುಗಿದ ಮೇಲೆ ಫೈಲ್ ಸಿಸ್ಟಮ್ ಅಚ್ಚುಕಟ್ಟು. ನಿಮ್ಮ ಫೋಲ್ಡರ್ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಇದೆಲ್ಲವನ್ನೂ ಅದೇ ಡ್ರೈವ್ ಮೇಲೆ ಬರೆದು ಮಾಡುತ್ತದೆ. ಹಿಂದಕ್ಕೆ ಬರುವ ದಾರಿ ಇಲ್ಲ. ಫೈಲ್ ಸಿಸ್ಟಮ್ ಯಾವುದೆಂದು ವಿಂಡೋಸ್‌ಗೆ ಗೊತ್ತಾಗದೆ ಡ್ರೈವ್ ‘ರಾ’ ಎಂದು ತೋರಿಸುತ್ತಿದ್ದರೆ ಚೆಕ್‌ಡಿಸ್ಕ್ ಓಡುವುದೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಡ್ರೈವ್ ಹಾಕಿ, ಫಾರ್ಮ್ಯಾಟ್ ಕೇಳಿದರೆ ಕ್ಯಾನ್ಸಲ್ ಒತ್ತಿ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಲ್ಲಿ ಗಾತ್ರ ಎಷ್ಟು ತೋರಿಸುತ್ತದೆ ನೋಡಿ. ಸುಮಾರು 29 ಜಿಬಿ ಎಂದು ಕಂಡರೆ ಸಮಾಧಾನ ಪಡಿ, ವಿಂಡೋಸ್ ಲೆಕ್ಕದಲ್ಲಿ 32 ಜಿಬಿ ಡ್ರೈವ್ ಕಾಣುವುದೇ ಅಷ್ಟು. ಚಿಪ್‌ನ ನಕ್ಷೆ ಬದುಕಿದೆ, ಹಾಳಾಗಿರುವುದು ಮೇಲಿನ ಪದರ. ‘ನೋ ಮೀಡಿಯಾ’ ಎಂದೋ, ಸೊನ್ನೆ ಎಂದೋ, ಕೆಲವೇ ಎಂಬಿ ಎಂದೋ ಬಂದರೆ ಕಂಟ್ರೋಲರ್ ಕೈಕೊಟ್ಟಿದೆ. ಆಗ ಯಾವ ಸಾಫ್ಟ್‌ವೇರೂ ಕೆಲಸಕ್ಕೆ ಬರುವುದಿಲ್ಲ. ಚಿಪ್ ಬಿಚ್ಚಿ ನೇರವಾಗಿ ಓದಬಲ್ಲ ಡೇಟಾ ರಿಕವರಿ ಲ್ಯಾಬ್‌ಗೇ ಕೊಡಬೇಕು. ಅದು ದುಬಾರಿ, ಫಲದ ಖಾತ್ರಿಯೂ ಇಲ್ಲ.

ಗಾತ್ರ ಸರಿ ಕಂಡರೆ ಮೊದಲ ಕೆಲಸ ಇಡೀ ಡ್ರೈವ್‌ನ ಇಮೇಜ್ ತೆಗೆಯುವುದು. ಇಮೇಜ್ ಎಂದರೆ ಮೊದಲ ಸೆಕ್ಟರ್‌ನಿಂದ ಕೊನೆಯವರೆಗೆ ಇದ್ದಂತೆಯೇ ತೆಗೆದ ಪ್ರತಿ. ಅದನ್ನು 32 ಜಿಬಿಗಿಂತ ಜಾಸ್ತಿ ಖಾಲಿ ಇರುವ ಬೇರೆ ಡಿಸ್ಕ್‌ನಲ್ಲಿ ಇಡಿ. ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲೇ ಈ ಸೌಲಭ್ಯ ಇದೆ. ಡ್ರೈವ್ ಓದುವಾಗ ತಡವರಿಸುತ್ತಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಇನ್ನೂ ಒಳ್ಳೆಯದು. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ಅದರ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ. ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ತೆಗೆದುಕೊಂಡು, ಕಷ್ಟದ ಭಾಗಕ್ಕೆ ಆಮೇಲೆ ಕೈ ಹಾಕುತ್ತದೆ. ಎಲ್ಲಿ ನಿಂತಿತು ಎಂದು ಬರೆದಿಟ್ಟುಕೊಳ್ಳುತ್ತದೆ, ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಆಜ್ಞೆ ಕೊಡುವಾಗ ಹಾಳಾದ ಡ್ರೈವ್ ಮೊದಲು, ಇಮೇಜ್ ಫೈಲ್ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಡ್ರೈವ್ ಮೇಲೇ ಬರೆದುಬಿಡುತ್ತದೆ. ಒತ್ತುವ ಮೊದಲು ಎರಡು ಸಲ ಓದಿ.

ಮುಂದಿನ ಕೆಲಸವೆಲ್ಲ ಇಮೇಜ್ ಮೇಲೆ, ಡ್ರೈವ್ ಮೇಲಲ್ಲ. ಅದಕ್ಕೂ ಒಂದು ನಕಲು ಇಟ್ಟುಕೊಳ್ಳಿ. ಟೆಸ್ಟ್‌ಡಿಸ್ಕ್‌ಗೆ ಇಮೇಜ್ ಕೊಟ್ಟು ಬೂಟ್ ಸೆಕ್ಟರ್ ನೋಡಿ. ಫ್ಯಾಟ್32ರಲ್ಲಿ ಬೂಟ್ ಸೆಕ್ಟರ್‌ನ ಇನ್ನೊಂದು ಪ್ರತಿ ಸಾಮಾನ್ಯವಾಗಿ 6ನೇ ಸೆಕ್ಟರ್‌ನಲ್ಲಿರುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಅದು ಪಾರ್ಟಿಶನ್‌ನ ಕೊನೆಯಲ್ಲಿರುತ್ತದೆ. ಈ ವಿಷಯದಲ್ಲಿ ಎನ್‌ಟಿಎಫ್‌ಎಸ್ ಜಾಣ, ಎರಡನ್ನೂ ದೂರ ದೂರ ಇಟ್ಟಿದೆ. ಮೊದಲನೆಯದು ಕೆಟ್ಟಿದ್ದು ಎರಡನೆಯದು ಸರಿಯಿದೆ ಎಂದು ಟೆಸ್ಟ್‌ಡಿಸ್ಕ್ ಹೇಳಿದರೆ, ಪ್ರತಿಯಿಂದ ಮರಳಿ ಹಾಕುವ ಆಯ್ಕೆ ಕೊಡುತ್ತದೆ. ಎರಡೂ ಕೆಟ್ಟಿದ್ದರೆ ಉಳಿದ ಭಾಗವನ್ನು ನೋಡಿ ಹೊಸ ಬೂಟ್ ಸೆಕ್ಟರ್ ಕಟ್ಟಲೂ ಪ್ರಯತ್ನಿಸುತ್ತದೆ. ಇಷ್ಟರಲ್ಲೇ ನಿಮ್ಮ ಹಳೆಯ ಫೋಲ್ಡರ್‌ಗಳು ಹೆಸರಿನ ಸಮೇತ ಕಾಣಿಸಿದರೆ ಆಶ್ಚರ್ಯವಿಲ್ಲ. ಕಂಡ ತಕ್ಷಣ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ.

ಅದೂ ಆಗದಿದ್ದರೆ ಫೋಟೋರೆಕ್ ಬಳಸಿ. ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತದೆ. ಇದು ಫೈಲ್ ಸಿಸ್ಟಮ್‌ನ ಲೆಕ್ಕವನ್ನೇ ನಂಬುವುದಿಲ್ಲ. ಜೆಪೆಗ್ ಫೋಟೋ ಶುರುವಾಗುವುದು ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಬೈಟ್‌ಗಳಿಂದ. ಹೀಗೆ ಪ್ರತಿ ಬಗೆಯ ಫೈಲ್‌ಗೂ ಒಂದು ಆರಂಭದ ಗುರುತಿದೆ. ಅದನ್ನು ಹುಡುಕುತ್ತಾ ಸಿಕ್ಕಿದ್ದನ್ನೆಲ್ಲ ಎತ್ತಿಕೊಡುತ್ತದೆ. ತುಂಡು ತುಂಡಾಗಿ ಚದುರಿದ ಫೈಲ್‌ಗಳು ಹೆಚ್ಚಾಗಿ ಪೂರ್ತಿ ಸಿಗುವುದಿಲ್ಲ. ಫೋಟೋಗಳು ಚೆನ್ನಾಗಿ ಬರುತ್ತವೆ, ದೊಡ್ಡ ವಿಡಿಯೋಗಳು ಕಷ್ಟ. ಫೈಲ್ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ಎಫ್ ಅಕ್ಷರದ ಮುಂದೆ ಒಂದು ಸಂಖ್ಯೆ, ಅಷ್ಟೇ ಹೆಸರು.

ಇಲ್ಲಿ ಕನ್ನಡ ಡಿಟಿಪಿ ಕೆಲಸದವರಿಗೆ ಒಂದು ವಿಶೇಷ ತೊಂದರೆ ಇದೆ. ನೂರಾರು ಹೆಸರಿಲ್ಲದ ಫೈಲ್‌ಗಳಲ್ಲಿ ಬೇಕಾದ್ದನ್ನು ಒಳಗಿನ ಪದ ಕೊಟ್ಟು ಹುಡುಕೋಣ ಎಂದರೆ, ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಒಳಗೆ ಇರುವುದು ಯೂನಿಕೋಡ್ ಕನ್ನಡವಲ್ಲ. ಯೂನಿಕೋಡ್‌ನಲ್ಲಿ ‘ಮದುವೆ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಫೈಲ್ ಬಂದಿಲ್ಲವೆಂದು ಕೈಬಿಟ್ಟುಬಿಡುವ ಅಪಾಯ ಇದೆ. ಅದೇ ಪದವನ್ನು ಅದೇ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿ, ಪರದೆ ಮೇಲೆ ಅರ್ಥವಿಲ್ಲದ ಅಕ್ಷರಗಳಂತೆ ಕಂಡರೂ ಅದನ್ನೇ ಹುಡುಕಲು ಕೊಡಿ. ಇಂಗ್ಲಿಷ್ ಅಂಕಿಯಲ್ಲಿ ಬರೆದ ಮೊಬೈಲ್ ನಂಬರ್, ದಿನಾಂಕ ಕೊಟ್ಟರೂ ಸಿಗಬಹುದು.

ಡಿಟಿಪಿ ಸೆಂಟರ್ ಎಂದ ಮೇಲೆ ಹತ್ತಾರು ಜನರ ಪೆನ್ ಡ್ರೈವ್ ನಿಮ್ಮ ಕಂಪ್ಯೂಟರ್‌ಗೆ ಬರುತ್ತವೆ. ಗ್ರಾಹಕರು ‘ಫೈಲ್ ಎಲ್ಲ ಹೋಗಿ ಬರೀ ಶಾರ್ಟ್‌ಕಟ್ ಉಳಿದಿವೆ’ ಎಂದರೆ ಅದು ಬೇರೆಯೇ ಕಾಯಿಲೆ. ವೈರಸ್ ಫೈಲ್‌ಗಳನ್ನು ಹಿಡನ್ ಮತ್ತು ಸಿಸ್ಟಮ್ ಎಂದು ಗುರುತು ಮಾಡಿ ಬಚ್ಚಿಟ್ಟಿರುತ್ತದೆ. ಆ ಶಾರ್ಟ್‌ಕಟ್ ಒತ್ತಬೇಡಿ. ಆಂಟಿವೈರಸ್ ಓಡಿಸಿದ ಮೇಲೆ ಆಟ್ರಿಬ್ ಆಜ್ಞೆಯಿಂದ ಆ ಎರಡು ಗುರುತುಗಳನ್ನು ತೆಗೆದರೆ ಎಲ್ಲ ಮರಳಿ ಕಾಣುತ್ತದೆ. ರಿಕವರಿ ಸಾಫ್ಟ್‌ವೇರ್ ಬೇಕಾಗಿಲ್ಲ. ಇನ್ನು ನಂಬಲಾಗದಷ್ಟು ಕಡಿಮೆ ಬೆಲೆಗೆ 1 ಟಿಬಿ, 2 ಟಿಬಿ ಎಂದು ಮಾರುವ ಪೆನ್ ಡ್ರೈವ್‌ಗಳು. ಅವುಗಳ ಕಂಟ್ರೋಲರ್‌ಗೆ ಸುಳ್ಳು ಗಾತ್ರ ಹೇಳಲು ಕಲಿಸಿರುತ್ತಾರೆ. ನಿಜವಾದ ಚಿಪ್ ತುಂಬುವವರೆಗೆ ಎಲ್ಲ ಸರಿ. ಆಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಅಥವಾ ಮೊದಲು ಬರೆದದ್ದರ ಮೇಲೆ ಬೀಳುತ್ತದೆ. ಫೋಲ್ಡರ್‌ನಲ್ಲಿ ಹೆಸರು ಮಾತ್ರ ನೆಟ್ಟಗೆ ಕಾಣುತ್ತಿರುತ್ತದೆ. ಹಾಗೆ ಹೋದದ್ದನ್ನು ಮರಳಿ ಪಡೆಯಲಾಗದು.

ಮುಂದಕ್ಕೆ ನೀವು ಮಾಡಬೇಕಾದ್ದು ದೊಡ್ಡದೇನಲ್ಲ. ಪ್ರತಿ ಸಲ ಇಜೆಕ್ಟ್ ಮಾಡಿ. ಅದು ರ‍್ಯಾಮ್‌ನಲ್ಲಿ ಉಳಿದದ್ದನ್ನು ಇಳಿಸುತ್ತದೆ, ಡರ್ಟಿ ಗುರುತು ತೆಗೆಯುತ್ತದೆ. ಡ್ರೈವ್‌ನಲ್ಲಿ ದೀಪ ಇದ್ದರೆ ಅದು ಮಿಟುಕುವುದು ನಿಲ್ಲುವವರೆಗೆ ಕಾಯಿರಿ. ಮುಖ್ಯವಾದ ಫೈಲ್ ಸರಿಯಾಗಿ ಇಳಿದಿದೆಯೇ ಎಂದು ನೋಡಬೇಕಾದರೆ, ಕಾಪಿ ಆದ ತಕ್ಷಣ ತೆರೆದು ನೋಡಬೇಡಿ. ಆಗ ಕಂಪ್ಯೂಟರ್ ರ‍್ಯಾಮ್‌ನಲ್ಲಿರುವುದನ್ನೇ ತೋರಿಸಬಹುದು. ಇಜೆಕ್ಟ್ ಮಾಡಿ, ತೆಗೆದು, ಮತ್ತೆ ಹಾಕಿ ತೆರೆಯಿರಿ. ಪಕ್ಕಾ ಬೇಕೆಂದರೆ ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ಎರಡೂ ಕಡೆಯ ಫೈಲ್‌ನ ಎಸ್‌ಎಚ್‌ಎ256 ಮೊತ್ತ, ಅಂದರೆ ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಹೋಲಿಸಿ.

ಹಲವು ವರ್ಷಗಳ ಫೈಲ್‌ಗಳ ಒಂದೇ ಪ್ರತಿ ಪೆನ್ ಡ್ರೈವ್‌ನಲ್ಲಿ ಇರುವುದು ಮಾತ್ರ ಇನ್ನು ಬೇಡ. ಫ್ಲ್ಯಾಶ್‌ನಲ್ಲಿ ಮಾಹಿತಿ ಇರುವುದು ವಿದ್ಯುತ್ ಕಣಗಳ ರೂಪದಲ್ಲಿ, ಅದು ನಿಧಾನವಾಗಿ ಸೋರುತ್ತದೆ. ಸೆಕೆ ಜಾಸ್ತಿಯಾದಷ್ಟೂ ಬೇಗ ಸೋರುತ್ತದೆ. ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ ಪೂರ್ತಿ ಸವೆದ ಮೇಲೂ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಬೇಕು ಎನ್ನುವುದು ಮೆಮೊರಿ ಚಿಪ್‌ಗಳ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ನಿಯಮ. ಅಗ್ಗದ ಪೆನ್ ಡ್ರೈವ್‌ನಿಂದ, ಅದೂ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೀರುವಿನೊಳಗೆ ಇಟ್ಟದ್ದರಿಂದ, ಅಷ್ಟನ್ನೂ ನಿರೀಕ್ಷಿಸಬೇಡಿ. ಕಂಪ್ಯೂಟರ್‌ನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ ಇರಲಿ. ಆಗದಿದ್ದರೆ ಗೂಗಲ್ ಡ್ರೈವ್‌ನಂಥ ಕಡೆಯಾದರೂ ಇಡಿ.

ಎಲ್ಲ ಫೈಲ್ ಹೊರಬಂದು, ತೆರೆದು ನೋಡಿ ಖಚಿತವಾದ ಮೇಲೆ ಈ ಪೆನ್ ಡ್ರೈವ್ ಮತ್ತೆ ಬಳಸಬಹುದೇ ಎಂದು ಕೇಳುತ್ತೀರಿ. ಕ್ವಿಕ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಆಮೇಲೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ಸಾಫ್ಟ್‌ವೇರ್ ಓಡಿಸಿ. ಅವು ಡ್ರೈವ್ ಪೂರ್ತಿ ತುಂಬಿಸಿ, ಬರೆದದ್ದೇ ಮರಳಿ ಬರುತ್ತಿದೆಯೇ ಎಂದು ನೋಡುತ್ತವೆ. ಒಂದೇ ಒಂದು ದೋಷ ಕಂಡರೂ ಎಸೆದುಬಿಡಿ. ದೋಷ ಇಲ್ಲದಿದ್ದರೆ ಪ್ರೆಸ್‌ಗೆ ಫೈಲ್ ಒಯ್ಯಲು ಇಟ್ಟುಕೊಳ್ಳಿ.